ಒಗೆಯೋ ಬಟ್ಟೆಗೆ ಎಂಥ ಚೀಲ ತಗೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ರಾಜಾಜಿನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಾನು, ಯಜಮಾನರು, ಅತ್ತೆ, ಸ್ಕೂಲಿಗೆ ಹೋಗುವ ಮಗಳು. ಹತ್ತು ವರ್ಷದಲ್ಲಿ ಕೊಳೆ ಬಟ್ಟೆಗೆ ಅಂತ ಆರು ಚೀಲ, ಎರಡು ಬುಟ್ಟಿ ಕೊಂಡಿದ್ದೇನೆ. ಅದರಲ್ಲಿ ಮೂರು ಸುಮ್ನೆ ದಂಡ. ಈಗಿರುವುದು ಎರಡೇ ಚೀಲ, ಎರಡೂ ಸರಿಯಾಗಿವೆ. ತಂಗಿ, ಆಫೀಸಿನವರು, ಪಕ್ಕದ ಮನೆಯವರು ಆಗಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚೀಲ ಬೇಕೇ ಬೇಕಾ? ಬಚ್ಚಲಲ್ಲಿ ಬಕೆಟ್ ಇದೆಯಲ್ಲ?

ಇದೆ. ಅದರಲ್ಲೇ ಹಾಕಿ ಎಷ್ಟೋ ಮನೆಗಳು ನಡೆದಿವೆ. ಆದರೆ ಬಕೆಟ್‌ಗೆ ಎರಡು ತೊಂದರೆ. ಒಂದು, ಅದರ ಗೋಡೆಯಲ್ಲಿ ಗಾಳಿ ಆಡುವುದಿಲ್ಲ. ಬೆವರಿನ ಪಸೆ ಕೆಳಗೇ ಕೂತು ತಳದ ಬಟ್ಟೆ ಮುಗ್ಗಲು ವಾಸನೆ ಬರುತ್ತದೆ. ಎರಡನೆಯದು, ಬಚ್ಚಲಲ್ಲಿರುವ ಬಕೆಟ್ ಎಂದರೆ ಯಾರೋ ಒಬ್ಬರು ಒಳಗೆ ಏನಿದೆ ಅಂತ ನೋಡದೆ ನಲ್ಲಿ ತಿರುಗಿಸಿಯೇ ತಿರುಗಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಯಾರು ಎಂದು ಹೇಳುವುದಿಲ್ಲ.

ಹಾಗಾದರೆ ಮೊದಲು ಏನು ನೋಡಬೇಕು? ಬಣ್ಣವಾ, ಬೆಲೆಯಾ, ಅಳತೆಯಾ?

ಇದ್ಯಾವುದೂ ಅಲ್ಲ. ನಿಮ್ಮ ಮನೆಯಲ್ಲಿ ಬಟ್ಟೆ ಈಗ ಎಲ್ಲಿ ಬೀಳುತ್ತಿದೆ ನೋಡಿ.

ಪ್ರತಿ ಮನೆಯಲ್ಲೂ ಒಂದು ಕುರ್ಚಿ ಇರುತ್ತದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ಬಟ್ಟೆ ಮಾತ್ರ ಕೂರುತ್ತದೆ. ಕೆಲವರ ಮನೆಯಲ್ಲಿ ಅದು ಮಂಚದ ಕಾಲಿನ ಕಡೆ, ಕೆಲವರಲ್ಲಿ ಬಾತ್‌ರೂಮ್ ಬಾಗಿಲ ಹಿಂದಿನ ಮೊಳೆ. ಒಂದು ವಾರ ಯಾರಿಗೂ ಏನೂ ಹೇಳದೆ ಗಮನಿಸಿ. ಆ ಜಾಗದಿಂದ ಎರಡು ಹೆಜ್ಜೆ ಒಳಗೆ ಚೀಲ ಇಟ್ಟರೆ ಬಟ್ಟೆ ಚೀಲಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಎಷ್ಟು ಚಂದದ ಚೀಲ ತಂದರೂ ಕುರ್ಚಿಯೇ ಗೆಲ್ಲುತ್ತದೆ. ನನ್ನ ಮೊದಲ ಚೀಲ ಅಡುಗೆಮನೆಯ ಆಚೆಗಿನ ಯುಟಿಲಿಟಿಯಲ್ಲಿತ್ತು, ವಾಷಿಂಗ್ ಮಷಿನ್ ಪಕ್ಕದಲ್ಲೇ. ನೋಡಲು ಅದೇ ಸರಿಯಾದ ಜಾಗ ಅನ್ನಿಸುತ್ತದೆ, ಅಲ್ವಾ? ಆದರೆ ರಾತ್ರಿ ಹತ್ತಕ್ಕೆ ಶರ್ಟ್ ಬಿಚ್ಚಿದವರು ಅಡುಗೆಮನೆ ದಾಟಿ ಅಲ್ಲಿಗೆ ಹೋಗಲೇ ಇಲ್ಲ. ಚೀಲವನ್ನು ಮಲಗುವ ಕೋಣೆಯ ಬಾಗಿಲ ಪಕ್ಕಕ್ಕೆ ತಂದ ಮೇಲೆ ನಾನು ಗೊಣಗುವುದು ಅರ್ಧ ಕಡಿಮೆಯಾಯಿತು.

ಜಾಗ ಗೊತ್ತಾಯಿತು ಎಂದರೆ ಮಿಕ್ಕಿದ್ದು ತಾನಾಗಿ ತೀರ್ಮಾನವಾಗುತ್ತದೆ. ಟೇಪ್ ಹಿಡಿದು ಆ ಜಾಗದ ಅಗಲ ಅಳೆಯಿರಿ. ಬಾಗಿಲು ಪೂರ್ತಿ ತೆರೆದಾಗ ಎಷ್ಟು ಉಳಿಯುತ್ತದೆ ಎಂದು ಅಳೆಯುವುದನ್ನು ಮರೆಯಬೇಡಿ. ಜಾಗ ಕಿರಿದಾಗಿದ್ದರೆ ದುಂಡು ಚೀಲ ಬೇಡ, ಚಪ್ಪಟೆಯಾಗಿ ನಿಲ್ಲುವ ಚೌಕ ತಗೊಳ್ಳಿ. ನೆಲದಲ್ಲಿ ಜಾಗವೇ ಇಲ್ಲದಿದ್ದರೆ ಬಾಗಿಲ ಹಿಂದೆ ತೂಗುಹಾಕುವ ಉದ್ದ ಚೀಲ ಸಿಗುತ್ತದೆ. ಒಂದು ರೂಮಿನ ಮನೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎಷ್ಟು ದೊಡ್ಡದು ಬೇಕು?

ನಿಮ್ಮ ಮಷಿನ್‌ಗೆ ಒಂದು ಸಲಕ್ಕೆ ಹಿಡಿಸುವಷ್ಟು. ಅದಕ್ಕಿಂತ ದೊಡ್ಡದು ಬೇಡ. ಚೀಲ ತುಂಬಿತು ಎಂದರೆ ಮಷಿನ್ ಹಾಕುವ ಹೊತ್ತಾಯಿತು ಅಂತ ಲೆಕ್ಕ. ಯಾರೂ ಯಾರಿಗೂ ನೆನಪಿಸಬೇಕಿಲ್ಲ.

ಸುಮಾರಾದ ತೂಕ ಹೀಗೆ ಇಟ್ಟುಕೊಳ್ಳಿ. ಒಂದು ಶರ್ಟ್ 200ರಿಂದ 250 ಗ್ರಾಂ, ಜೀನ್ಸ್ 600–700 ಗ್ರಾಂ, ದಪ್ಪ ಟವೆಲ್ ಅರ್ಧ ಕೆಜಿ, ಡಬಲ್ ಮಂಚದ ಬೆಡ್‌ಶೀಟ್ ಮುಕ್ಕಾಲು ಕೆಜಿ ಆಸುಪಾಸು, ಹತ್ತಿ ಸೀರೆ ಅರ್ಧ ಕೆಜಿ. ನಾವು ನಾಲ್ಕು ಜನಕ್ಕೆ ದಿನಕ್ಕೆ ಎರಡರಿಂದ ಎರಡೂವರೆ ಕೆಜಿ ಬೀಳುತ್ತದೆ. ಅಂದರೆ ಮೂರು ದಿನಕ್ಕೆ 7 ಕೆಜಿ ಮಷಿನ್ ತುಂಬುತ್ತದೆ. ಆ 7 ಕೆಜಿ ಬಟ್ಟೆ, ಮಡಿಸದೆ ಹಾಗೇ ಎಸೆದರೆ, ನಮ್ಮ 60 ಲೀಟರ್ ಚೀಲಕ್ಕೆ ಸರಿಹೋಗುತ್ತದೆ.

ಲೀಟರ್ ಎಂದರೆ ಕಣ್ಣಿಗೆ ಕಟ್ಟುವುದಿಲ್ಲ, ನಿಜ. ಮನೆಗೆ ಬರುವ ನೀರಿನ ಕ್ಯಾನ್ 20 ಲೀಟರ್. ಮೂರು ಕ್ಯಾನ್ ಒಟ್ಟಿಗೆ ಇಟ್ಟರೆ 60. ಅಂಗಡಿಯಲ್ಲಿ ಲೀಟರ್ ಬರೆದಿರದಿದ್ದರೆ ನೀವೇ ಲೆಕ್ಕ ಹಾಕಿ. ದುಂಡು ಚೀಲಕ್ಕೆ ಅಡ್ಡಳತೆಯನ್ನು ಅಡ್ಡಳತೆಯಿಂದ ಗುಣಿಸಿ, ಎತ್ತರದಿಂದ ಗುಣಿಸಿ, 0.785ರಿಂದ ಗುಣಿಸಿ, 1000ದಿಂದ ಭಾಗಿಸಿ. ಎಲ್ಲವೂ ಸೆಂಟಿಮೀಟರ್‌ನಲ್ಲಿ. 40 ಅಡ್ಡ, 50 ಎತ್ತರ ಇದ್ದರೆ ಸುಮಾರು 63 ಲೀಟರ್. 35 ಅಡ್ಡ, 45 ಎತ್ತರಕ್ಕೆ 43 ಮಾತ್ರ. ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಮೋಸ ಹೋಗುವುದು ಇಲ್ಲೇ.

ಒಬ್ಬರೇ ಇದ್ದರೆ 35–40 ಲೀಟರ್ ಸಾಕು. ಗಂಡ ಹೆಂಡತಿ ಇಬ್ಬರಿಗೆ 45–60.

ವಾರಕ್ಕೆ ಒಂದೇ ಸಲ ಒಗೆಯುತ್ತೇವೆ. ದೊಡ್ಡದೇ ಬೇಕಲ್ವಾ?

ದೊಡ್ಡದೊಂದರ ಬದಲು ಮಧ್ಯಮದ್ದು ಎರಡು ತಗೊಳ್ಳಿ. 100 ಲೀಟರ್ ಚೀಲ ತುಂಬಿದ ಮೇಲೆ ಎತ್ತಿ ನೋಡಿ, ಸೊಂಟ ಹಿಡಿಯುತ್ತದೆ. ತಳದ ಬಟ್ಟೆ ಏಳು ದಿನ ಮೇಲಿನ ಭಾರ ಹೊತ್ತು ಕೂತಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಗೆ ಎಂಥ ಬರ ಬಂತು ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ದಿನಗಳು. ಆಗ ನಮ್ಮ ಬೀದಿಯಲ್ಲಿ ಎಲ್ಲರೂ ವಾರದ ಒಗೆತಕ್ಕೆ ಇಳಿದೆವು. ನನ್ನ ಎರಡನೇ ಚೀಲ ಬಂದದ್ದು ಆಗಲೇ. ಮಾಮೂಲಿ ದಿನಗಳಲ್ಲಿ ಅದರಲ್ಲಿ ಬೆಡ್‌ಶೀಟು, ಟವೆಲ್ಲು ಬೀಳುತ್ತವೆ.

ಯಾವ ಬಟ್ಟೆಯ ಚೀಲ ಒಳ್ಳೆಯದು?

ಒಂದೊಂದಾಗಿ ಹೇಳುತ್ತೇನೆ. ಇಲ್ಲಿ ನನ್ನ ಪಕ್ಷಪಾತ ಇದೆ, ಮೊದಲೇ ಗೊತ್ತಿರಲಿ.

ಹತ್ತಿ ಕ್ಯಾನ್ವಾಸ್ ನನ್ನ ಆಯ್ಕೆ. ಗಾಳಿ ಆಡುತ್ತದೆ, ಮಷಿನ್‌ಗೆ ಹಾಕಿ ಒಗೆಯಬಹುದು, ಹರಿದರೆ ಹೊಲಿಯಬಹುದು. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಅಷ್ಟು ಜಾಸ್ತಿ ಅಳತೆಯದು ತಗೊಳ್ಳಿ. ತೆಳು ಹತ್ತಿಯಾದರೆ ನಿಲ್ಲುವುದಿಲ್ಲ, ಸೋತವರ ಹಾಗೆ ಕುಸಿದು ಕೂರುತ್ತದೆ. ಅದನ್ನು ಗೂಟಕ್ಕೆ ತೂಗುಹಾಕಲು ಮಾತ್ರ ಬಳಸಿ.

ಆಕ್ಸ್‌ಫರ್ಡ್ ಬಟ್ಟೆ ಎಂದು ಮಾರುವುದು ಹೆಚ್ಚಾಗಿ ಪಾಲಿಯೆಸ್ಟರ್, ಒಳಗೆ ನೀರು ತಡೆಯುವ ತೆಳು ಪದರ. ಗಟ್ಟಿ, ಹಗುರ, ಒರೆಸಿದರೆ ಶುಚಿ. ಆದರೆ ನೀರು ಒಳಗೆ ಬಿಡದ ಪದರ ಪಸೆಯನ್ನು ಹೊರಗೂ ಬಿಡುವುದಿಲ್ಲ. ಬಾಯಿ ಅಗಲವಾಗಿ ತೆರೆದಿರುವುದಾದರೆ ಮಾತ್ರ ತಗೊಳ್ಳಿ.

ನಾನ್‌ವೋವನ್ ಎಲ್ಲಕ್ಕಿಂತ ಅಗ್ಗ. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಆದ ಮೇಲೆ ಅಂಗಡಿಗಳಲ್ಲಿ ಬಟ್ಟೆ ಥರ ಕಾಣುವ ಕೈಚೀಲ ಕೊಡಲು ಶುರು ಮಾಡಿದರಲ್ಲ, ಅದೇ ಮಾಲು. ನೋಡಲು ಬಟ್ಟೆ, ನಿಜದಲ್ಲಿ ಅದೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ಬಿಸಿಲು ಇದರ ಶತ್ರು. ಬಿಸಿಲು ಬೀಳುವ ಯುಟಿಲಿಟಿಯಲ್ಲಿ ಇಟ್ಟರೆ ಒಂದು ದಿನ ಹಿಡಿ ಎಳೆದಾಗ ಒಣ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಇಸ್ತ್ರಿ ಪೆಟ್ಟಿಗೆಯನ್ನೂ ತಾಗಿಸಬೇಡಿ, ಕರಗಿ ಅಂಟಿಕೊಳ್ಳುತ್ತದೆ. ಕೋಣೆಯ ಒಳಗೆ ಇಡುವುದಾದರೆ ಎರಡು ವರ್ಷಕ್ಕೆ ಮೋಸವಿಲ್ಲ.

ಸೆಣಬಿನದು ಫೋಟೋದಲ್ಲಿ ಬಹಳ ಚೆನ್ನ. ಮನೆಯಲ್ಲಿ ಅಷ್ಟಕ್ಕಷ್ಟೆ. ಪಸೆ ಹೀರಿಕೊಂಡು ಬಿಡುವುದಿಲ್ಲ, ಗೋಣಿಯ ವಾಸನೆ ಬಟ್ಟೆಗೂ ಹತ್ತುತ್ತದೆ. ನಾರು ಉದುರಿ ಕಪ್ಪು ಪ್ಯಾಂಟ್ ಮೇಲೆ ಕೂರುತ್ತದೆ. ಮಷಿನ್‌ಗೆ ಹಾಕುವಂತಿಲ್ಲ. ಒಳಗೆ ಹತ್ತಿ ಬಟ್ಟೆಯ ಅಸ್ತರಿ ಇದ್ದರೆ, ಅದೂ ಬಿಚ್ಚಿ ಒಗೆಯುವಂತಿದ್ದರೆ ಯೋಚಿಸಬಹುದು.

ಬಿದಿರಿನ ಬುಟ್ಟಿ ನನಗೆ ಬಹಳ ಇಷ್ಟ. ಗಾಳಿ ಆಡುವುದರಲ್ಲಿ ಅದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಆದರೆ ಸಿಬಿರು ಇರುತ್ತದೆ, ಸೀರೆ ದುಪಟ್ಟಾ ಎಳೆಯುತ್ತದೆ. ಒಳಗೆ ಹಳೆ ಬೆಡ್‌ಶೀಟಿನ ಚೀಲ ಹೊಲಿಸಿ ಇಳಿಬಿಟ್ಟರೆ ಆಯಿತು. ಮಳೆಗಾಲದಲ್ಲಿ ಬಿದಿರಿಗೂ ಬೂಷ್ಟು ಹಿಡಿಯುತ್ತದೆ, ಆಗಾಗ ಬಿಸಿಲಿಗೆ ಇಡಬೇಕು.

ಮಳೆಗಾಲದಲ್ಲಿ ಚೀಲದೊಳಗಿನ ಬಟ್ಟೆ ವಾಸನೆ ಬರುತ್ತದೆ. ಚೀಲ ಕೆಟ್ಟದ್ದಾ?

ಹೆಚ್ಚಾಗಿ ಚೀಲದ ತಪ್ಪಲ್ಲ, ಹಾಕಿದವರ ತಪ್ಪು. ಬೆವರಿಗೆ ತನ್ನದೇ ವಾಸನೆ ಅಷ್ಟಾಗಿ ಇಲ್ಲ. ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಆ ವಾಸನೆ ಹುಟ್ಟಿಸುತ್ತದೆ. ಅದಕ್ಕೆ ಬೇಕಾದ್ದು ಪಸೆ, ಸ್ವಲ್ಪ ಬೆಚ್ಚಗೆ, ಗಾಳಿ ಇಲ್ಲದ ಮೂಲೆ. ಒದ್ದೆ ಟವೆಲ್ ಮುದ್ದೆ ಮಾಡಿ ಚೀಲಕ್ಕೆ ತುರುಕಿದರೆ ಮೂರೂ ಒಂದೇ ಕಡೆ ಸಿಕ್ಕಿಬಿಡುತ್ತವೆ. ಒಂದೆರಡು ದಿನದಲ್ಲಿ ಬೂಷ್ಟು ಶುರು. ಹತ್ತಿಯ ಮೇಲೆ ಆ ಕಪ್ಪು ಚುಕ್ಕೆ ಬಂತು ಎಂದರೆ ಮತ್ತೆ ಪೂರ್ತಿ ಹೋಗುವುದು ಕಷ್ಟ.

ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಇದೇ ಗೋಳು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ, ಅದೂ ಸಾಯಂಕಾಲ, ಆಫೀಸಿನಿಂದ ಬರುವ ಹೊತ್ತಿಗೇ ಸರಿಯಾಗಿ. ಗಾಡಿಯಲ್ಲಿ ನೆನೆದು ಬಂದ ಪ್ಯಾಂಟ್, ಮಗುವಿನ ಸಾಕ್ಸ್, ಎಲ್ಲ ನೇರ ಚೀಲಕ್ಕೆ ಹೋಗುತ್ತವೆ. ನಮ್ಮ ಮನೆಯಲ್ಲಿ ಈಗ ಒಂದೇ ಕಾನೂನು: ಒದ್ದೆ ಇದ್ದರೆ ಮೊದಲು ತಂತಿಗೆ, ಒಣಗಿದ ಮೇಲೆ ಚೀಲಕ್ಕೆ. ಚೀಲದ ಪಕ್ಕದಲ್ಲೇ ಎರಡು ಗೂಟ ಹೊಡೆಸಿದೆ. ಬಾಡಿಗೆ ಮನೆಯಾದ್ದರಿಂದ ಓನರ್ ಅಂಕಲ್ ಹತ್ತಿರ ಮೊದಲೇ ಕೇಳಿಕೊಂಡೆ. ಮೊಳೆ ಹೊಡೆಯಲು ಬಿಡದ ಮನೆಗಳಲ್ಲಿ ಬಾಗಿಲ ಮೇಲ್ಭಾಗಕ್ಕೆ ಸಿಕ್ಕಿಸುವ ಕೊಕ್ಕೆ ಸಾಲು ಸಿಗುತ್ತದೆ, ಅದು ಸಾಕು.

ಇನ್ನೊಂದು, ಚೀಲವನ್ನು ಗೋಡೆಗೆ ಒತ್ತಿ ಇಡಬೇಡಿ. ಹಳೆ ಮನೆಗಳಲ್ಲಿ ಮಳೆಗಾಲದಲ್ಲಿ ಗೋಡೆಯೇ ತೇವ ಎಳೆಯುತ್ತದೆ. ನಾಲ್ಕು ಬೆರಳು ಜಾಗ ಬಿಡಿ.

ಎಣ್ಣೆ ಬಟ್ಟೆಯನ್ನೂ ಅದರಲ್ಲೇ ಹಾಕಬಹುದಾ?

ಬೇಡ. ದೀಪಾವಳಿ ಎಣ್ಣೆಸ್ನಾನ ಆದ ಮೇಲಿನ ಟವೆಲ್, ತಲೆಗೆ ಹರಳೆಣ್ಣೆ ಹಚ್ಚಿ ಮಲಗಿದ ದಿಂಬಿನ ಕವರು ಇವನ್ನೆಲ್ಲ ಬೇರೆ ಬಕೆಟ್‌ಗೆ ಹಾಕಿ ಅವತ್ತೇ ಒಗೆದುಬಿಡಿ. ಎಣ್ಣೆ ಚೀಲಕ್ಕೆ ಇಳಿದರೆ ಕಮಟು ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಡುಗೆಮನೆಯ ಒರೆಸುವ ಬಟ್ಟೆಗೂ ಇದೇ ಮಾತು. ಅದಕ್ಕೆ ಜಿರಲೆಯೂ ಬರುತ್ತದೆ.

ಮುಚ್ಚಳ ಇರಬೇಕಾ?

ನೆಂಟರಿಗೆ ಕಾಣುವ ಜಾಗದಲ್ಲಿದ್ದರೆ ಇರಲಿ, ಆದರೆ ಸುಮ್ನೆ ಮೇಲೆ ಕೂರುವಂಥದ್ದು. ಜಿಪ್ ಹಾಕುವ ಮುಚ್ಚಳವನ್ನು ಎರಡನೇ ದಿನದಿಂದ ಯಾರೂ ತೆರೆಯುವುದಿಲ್ಲ, ಬಟ್ಟೆ ಅದರ ಮೇಲೆ ಬೀಳುತ್ತದೆ. ವೆಲ್‌ಕ್ರೋ ಇನ್ನೂ ಕೆಟ್ಟದ್ದು, ಕಾಟನ್ ಕುರ್ತಾದ ನೂಲನ್ನೆಲ್ಲ ಕಿತ್ತುಕೊಳ್ಳುತ್ತದೆ. ಲಾಡಿ ಎಳೆದು ಬಾಯಿ ಮುಚ್ಚುವ ಚೀಲ ನನಗೆ ಸರಿ ಅನ್ನಿಸಿದೆ. ದಿನಾ ತೆರೆದೇ ಇರುತ್ತದೆ, ಯಾರಾದರೂ ಬಂದರೆ ಒಂದು ಎಳೆತ.

ಚೆನ್ನಾಗಿ ಕಾಣಬೇಕು, ಆದರೆ ದುಡ್ಡು ಜಾಸ್ತಿ ಬೇಡ. ಹೇಗೆ?

ಬರವಣಿಗೆ ಇರುವ ಚೀಲ ಬಿಡಿ. ಚೀಲದ ಮೇಲೆ ಅದು ಚೀಲ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಅದಕ್ಕೇ ನೂರು ರೂಪಾಯಿ ಜಾಸ್ತಿ ಹಾಕುತ್ತಾರೆ. ಬಟ್ಟೆ ತುಂಬಿದ್ದು ಕಂಡರೆ ನಮಗೇ ಗೊತ್ತಾಗುವುದಿಲ್ಲವಾ?

ಒಂದೇ ಬಣ್ಣದ, ಗೋಡೆಗಿಂತ ಒಂದು ಛಾಯೆ ಗಾಢವಾದ ಚೀಲ ಯಾವ ಕೋಣೆಯಲ್ಲೂ ಕಣ್ಣಿಗೆ ಹೊಡೆಯುವುದಿಲ್ಲ. ಬಾಡಿಗೆ ಮನೆಯ ಗೋಡೆಗಳು ಹೆಚ್ಚಾಗಿ ಕೆನೆ ಬಣ್ಣ. ಅದಕ್ಕೆ ಮಣ್ಣಿನ ಬಣ್ಣ, ಸಾಸಿವೆ ಹಳದಿ, ಬೂದು ಹೊಂದುತ್ತವೆ. ಅಪ್ಪಟ ಬಿಳಿ ಬೇಡ, ತಳ ಒಂದೇ ತಿಂಗಳಲ್ಲಿ ಕಪ್ಪಾಗುತ್ತದೆ. ಅಪ್ಪಟ ಕಪ್ಪೂ ಬೇಡ, ಧೂಳು ಎದ್ದು ಕಾಣುತ್ತದೆ. ನಮ್ಮ ಊರಿನ ಧೂಳು ನಿಮಗೆ ಗೊತ್ತೇ ಇದೆ.

ನಾನು ಮಾಡಿದ್ದು ಇಷ್ಟು. ಸಾದಾ ಕ್ಯಾನ್ವಾಸ್ ಚೀಲ ತಂದು, ಅತ್ತೆಯ ಪೆಟ್ಟಿಗೆಯಲ್ಲಿ ಮಡಿಕೆ ಮುರಿಯದೆ ಇದ್ದ ಗುಳೇದಗುಡ್ಡದ ಖಣದಿಂದ ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ ಬಾಯಿಯ ಸುತ್ತ ಹೊರಗಡೆ ಹೊಲಿಸಿದೆ. ಒಗೆಯುವಾಗ ಬಿಚ್ಚಲು ಬರಲಿ ಎಂದು ಉದ್ದ ಟಾಕು ಮಾತ್ರ ಹಾಕಿಸಿದ್ದು. ಖಣ ಕತ್ತರಿಸುವಾಗ ಅತ್ತೆ ಮುಖ ಸಣ್ಣಗೆ ಮಾಡಿಕೊಂಡಿದ್ದರು. ಈಗ ಬಂದವರಿಗೆಲ್ಲ ಅವರೇ ತೋರಿಸುತ್ತಾರೆ.

ಚೀಲದ ಬಣ್ಣ ಬಟ್ಟೆಗೆ ಹತ್ತುತ್ತದಾ?

ಹತ್ತುತ್ತದೆ, ನನಗೆ ಆಗಿದೆ. ಒಂದು ಅಂಗಡಿಯಲ್ಲಿ ಕೆಂಪು ಕಲಂಕಾರಿ ಅಚ್ಚಿನ ಚೀಲ ಕಂಡು ಮರುಳಾಗಿ ತಂದೆ. ಬಣ್ಣ ಹೋಗಲ್ಲ ಮೇಡಂ, ಗ್ಯಾರಂಟಿ ಅಂದರು. ಶನಿವಾರದ ಬಿಳಿ ಯೂನಿಫಾರ್ಮ್ ಬೆವರಿಗೆ ಒದ್ದೆಯಾಗಿತ್ತು, ಮಗಳು ಅದನ್ನು ಚೀಲದಲ್ಲಿ ಹಾಕಿದಳು. ಸೋಮವಾರ ತೆಗೆದಾಗ ಬೆನ್ನ ಮೇಲೆ ಗುಲಾಬಿ ಹೂವು. ಅಂಗಡಿಯಲ್ಲೇ ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಚೀಲದ ಒಳಗಡೆ ಜೋರಾಗಿ ಉಜ್ಜಿ ನೋಡಿ. ಬಣ್ಣ ಬಂದರೆ ಅಲ್ಲೇ ಬಿಟ್ಟು ಬನ್ನಿ. ನಾಚಿಕೆ ಏನೂ ಬೇಡ.

ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ನಾನು ಅಂಗಡಿಗಳಲ್ಲಿ ಕಂಡ ಸುಮಾರು ಬೆಲೆ ಹೇಳುತ್ತೇನೆ. ನಾನ್‌ವೋವನ್ ಮಡಿಸುವ ಚೀಲ 150ರಿಂದ 300 ರೂಪಾಯಿ. ಆಕ್ಸ್‌ಫರ್ಡ್, ಕ್ಯಾನ್ವಾಸ್ 350ರಿಂದ 700. ಕಬ್ಬಿಣದ ಚೌಕಟ್ಟು, ಚಕ್ರ ಇದ್ದರೆ ಸಾವಿರ ದಾಟುತ್ತದೆ. 700ಕ್ಕಿಂತ ಮೇಲೆ ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ದುಡ್ಡು ಕೊಡುವುದಾದರೆ ಹಿಡಿಗೆ ಕೊಡಿ. ಚೀಲ ಮೊದಲು ಸಾಯುವುದು ಅಲ್ಲೇ. ಹಿಡಿ ಚೀಲಕ್ಕೆ ಸೇರುವ ಜಾಗದಲ್ಲಿ ಚೌಕ ಹೊಲಿಗೆ, ಅದರೊಳಗೆ ಅಡ್ಡಡ್ಡ ಗುಣಾಕಾರದ ಹೊಲಿಗೆ ಇದ್ದರೆ ಗಟ್ಟಿ. ಒಂದೇ ಗೆರೆ ಹೊಲಿಗೆ ಇದ್ದರೆ ಮೂರು ತಿಂಗಳು.

ಬಾಯಿ ತೆರೆದಿರಲಿ ಎಂದು ಅಂಚಿನಲ್ಲಿ ತಂತಿ ಹಾಕಿರುತ್ತಾರೆ. ಅದರ ತುದಿ ಬಟ್ಟೆಯೊಳಗೆ ಪೂರ್ತಿ ಮುಚ್ಚಿದೆಯಾ ಎಂದು ಬೆರಳಾಡಿಸಿ ನೋಡಿ. ನನ್ನ ಒಂದು ಚೀಲದಲ್ಲಿ ಅದು ಹೊರಬಂದು ತುಕ್ಕಿನ ಗೆರೆ ಎಳೆದಿತ್ತು, ಯಜಮಾನರ ಹೊಸ ಪಂಚೆಯ ಮೇಲೆ.

ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ಸಮಯ ಇದ್ದರೆ ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಹೋಗಿ. ಮೆಟ್ರೋ ಹಸಿರು ಗೆರೆಯಲ್ಲಿ ಚಿಕ್ಕಪೇಟೆಯಲ್ಲೇ ಇಳಿಯಬಹುದು, ಗಾಡಿ ನಿಲ್ಲಿಸುವ ಪಾಡು ಬೇಡ. ಹೊಲಿಸುವ ಯೋಚನೆ ಇದ್ದರೆ ಮೀಟರ್ ಲೆಕ್ಕದ ಬಟ್ಟೆಗೂ ಅದೇ ಜಾಗ. ಅಷ್ಟು ದೂರ ಬೇಡ ಎಂದರೆ ಮಲ್ಲೇಶ್ವರದ 8ನೇ ಕ್ರಾಸ್, ಗಾಂಧಿಬಜಾರ್, ಜಯನಗರ 4ನೇ ಬ್ಲಾಕ್ ಸುತ್ತಮುತ್ತ ಮನೆಸಾಮಾನಿನ ಅಂಗಡಿಗಳಲ್ಲಿ ಕೇಳಿ. ಬಿದಿರು ಬೇಕಾದರೆ ಕಂಟೋನ್ಮೆಂಟ್ ಕಡೆಯ ಬಂಬೂ ಬಜಾರ್ ಇದೆ. ನಿಮ್ಮ ಬಡಾವಣೆಯಲ್ಲಿ ರಸ್ತೆ ಬದಿ ಬುಟ್ಟಿ ಹೆಣೆಯುವ ಮೇದರು ಇದ್ದರೆ ಅವರಿಗೆ ಅಳತೆ ಹೇಳಿ ಮಾಡಿಸುವುದು ಇನ್ನೂ ಒಳ್ಳೆಯದು. ಬಟ್ಟೆ ಹಾಕಲು, ಒಳಗೆ ನಯವಾಗಿರಬೇಕು ಅಂತ ಮೊದಲೇ ಹೇಳಿ.

ಆನ್‌ಲೈನ್‌ನಲ್ಲಿ ತರಿಸಿದರೆ?

ತರಿಸಬಹುದು. ಫೋಟೋ ನಂಬಬೇಡಿ, ಸೆಂಟಿಮೀಟರ್ ನಂಬಿ. ನನಗೆ ಒಂದು ಸಲ ಮಂಚದೆತ್ತರ ಕಂಡ ಚೀಲ ಬಂದಾಗ ಮೊಣಕಾಲಿಗಿಂತ ಕೆಳಗಿತ್ತು. ಅಳತೆ ಬರೆದಿದ್ದರು, ನಾನೇ ಓದಿರಲಿಲ್ಲ. ಕೊಂಡವರು ಹಾಕಿದ ಫೋಟೋಗಳಲ್ಲಿ ಬಟ್ಟೆ ತುಂಬಿದ ಮೇಲೆ ಚೀಲ ನೆಟ್ಟಗೆ ನಿಂತಿದೆಯಾ ನೋಡಿ.

ಮನೆ ಹತ್ತಿರದ ಟೈಲರ್ ಹತ್ತಿರ ಹೊಲಿಸಬಹುದಾ?

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಸರಿಯಾದ ದಾರಿ. 44 ಇಂಚು ಪನ್ನದ (ಅಗಲದ) ದಪ್ಪ ಕ್ಯಾನ್ವಾಸ್ ಒಂದೂವರೆ ಮೀಟರ್ ತಗೊಳ್ಳಿ. 44 ಇಂಚು ಅಂದರೆ ಸುಮಾರು 112 ಸೆಂಟಿಮೀಟರ್. ಅದರಲ್ಲಿ 130 ಉದ್ದ, 65 ಅಗಲದ ತುಂಡು ಚೀಲದ ಸುತ್ತ ಬರುವ ಗೋಡೆಗೆ. ಉಳಿದ ಪಟ್ಟಿಯಲ್ಲಿ 43 ಸೆಂಟಿಮೀಟರ್‌ನ ದುಂಡು ತಳ. ಮಿಕ್ಕಿದ ಚೂರಿನಲ್ಲಿ ಎರಡು ಹಿಡಿ. ಮೇಲೆ ಲಾಡಿ ಪೋಣಿಸಲು ಮಡಿಚಿ ಹೊಲಿದರೆ 50ಕ್ಕಿಂತ ಸ್ವಲ್ಪ ಜಾಸ್ತಿ ಎತ್ತರ, 40 ಅಡ್ಡದ ಚೀಲ ಸಿದ್ಧ. ಅದೇ ಮೂರು ಕ್ಯಾನ್ ನೀರಿನ ಅಳತೆ. ಬಟ್ಟೆಯನ್ನು ಮೊದಲು ಒಂದು ಸಲ ನೆನೆಸಿ ಒಣಗಿಸಿ ಕೊಡಿ, ಕುಗ್ಗುವುದು ಆಗಲೇ ಕುಗ್ಗಲಿ.

ಹೊಸ ಬಟ್ಟೆ ಬೇಡವಾದರೆ ಹಳೆ ಪರದೆ ಬಹಳ ಚೆನ್ನಾಗಿ ಆಗುತ್ತದೆ. ಹಳೆ ಜೀನ್ಸ್ ಎರಡು ಸೇರಿಸಿದರೂ ಆಗುತ್ತದೆ, ಜೇಬು ಬಿಟ್ಟರೆ ಸಾಕ್ಸ್ ಹಾಕಲು ಜಾಗ. 25 ಕೆಜಿ ಅಕ್ಕಿಯ ಹತ್ತಿ ಚೀಲ ಸಿಕ್ಕರಂತೂ ಹೊಲಿಗೆಯೇ ಬೇಡ, ಬಾಯಿಗೆ ಲಾಡಿ ಪೋಣಿಸಿದರೆ ಒಬ್ಬರಿಗೆ ಸಾಕು.

ನನ್ನ ಅಜ್ಜಿಯ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ ಬಿಡಿ. ವಾರದ ಬಟ್ಟೆಯನ್ನೆಲ್ಲ ಒಂದು ದುಪ್ಪಟಿಯಲ್ಲಿ ಸುರಿದು ನಾಲ್ಕು ಮೂಲೆ ಗಂಟು ಹಾಕಿ ದೋಬಿಗೆ ಕೊಡುವುದು. ಮಲ್ಲೇಶ್ವರದ ದೋಬಿಘಾಟ್‌ಗೆ ಹಾಗೆ ಗಂಟು ಗಂಟೇ ಹೋಗುತ್ತಿತ್ತು. ಲೆಕ್ಕಕ್ಕೆ ಒಂದು ಸಣ್ಣ ಪುಸ್ತಕ, ಗುರುತಿಗೆ ಕರಿಗೇರು ಕಾಯಿಯ ರಸದ ಚುಕ್ಕೆ. ಅದು ಎಷ್ಟು ಒಗೆದರೂ ಹೋಗದು.

ಬಿಳಿ ಬಟ್ಟೆ, ಬಣ್ಣದ ಬಟ್ಟೆಗೆ ಅಂತ ಎರಡು ಭಾಗ ಇರುವ ಚೀಲ ಒಳ್ಳೆಯದಾ?

ಮನೆಯಲ್ಲಿ ಎಲ್ಲರೂ ಶಿಸ್ತಿನವರಾದರೆ. ನಮ್ಮಲ್ಲಿ ಒಂದು ಭಾಗ ಉಬ್ಬಿ, ಇನ್ನೊಂದು ಖಾಲಿ ಬಿದ್ದು, ಚೀಲವೇ ವಾಲಿ ನಿಂತಿತ್ತು. ಎರಡು ಬೇರೆ ಚೀಲ ಇಟ್ಟ ಮೇಲೆ ಸರಿಹೋಯಿತು.

ಒಂದು ಸಲ ಹಾಕಿದ ಪ್ಯಾಂಟ್, ಅದಕ್ಕೆ ಎಲ್ಲಿ ಜಾಗ?

ಆ ಕುರ್ಚಿ ಹುಟ್ಟಿದ್ದೇ ಇದರಿಂದ! ಕೊಳೆಯೂ ಅಲ್ಲ, ಮಡಿಯೂ ಅಲ್ಲ. ಬೀರುವಿಗೆ ಹಾಕಲು ಮನಸ್ಸಿಲ್ಲ, ಚೀಲಕ್ಕೆ ಹಾಕಿದರೆ ನೀರು ದಂಡ. ಇದಕ್ಕೆ ಗೂಟವೇ ಮದ್ದು, ಒಬ್ಬರಿಗೆ ಎರಡೇ ಗೂಟ. ಮೂರನೇ ಬಟ್ಟೆ ಬಂದರೆ ಮೊದಲನೆಯದು ಚೀಲಕ್ಕೆ ಹೋಗಲೇಬೇಕು.

ರೇಷ್ಮೆ ಸೀರೆ?

ಚೀಲದ ಹತ್ತಿರವೂ ಬೇಡ. ಮದುವೆಯಿಂದ ಬಂದ ತಕ್ಷಣ ನೆರಳಿನಲ್ಲಿ ಗಾಳಿಗೆ ಹಾಕಿ. ಡ್ರೈಕ್ಲೀನಿಂಗ್‌ಗೆ ಕೊಡುವುದಾದರೆ ಅದನ್ನು ಬೇರೆಯಾಗಿ ಹಳೆ ಹತ್ತಿ ಪಂಚೆಯಲ್ಲಿ ಸುತ್ತಿಡಿ.

ಪಿಜಿಯಲ್ಲಿದ್ದೇನೆ. ನನಗೆ ಎಂಥದ್ದು?

ತೂಗುಹಾಕುವ, ಲಾಡಿ ಇರುವ, ಹೆಗಲಿಗೆ ಹಾಕಿಕೊಳ್ಳಬಹುದಾದ ಚೀಲ. ಟೆರೇಸಿನ ಮಷಿನ್‌ವರೆಗೆ ನಾಲ್ಕು ಮಹಡಿ ಹತ್ತುವಾಗ ಒಂದು ಕೈ ಖಾಲಿ ಇರಬೇಕು, ಇನ್ನೊಂದರಲ್ಲಿ ಸೋಪಿನ ಪುಡಿ. ಎಲ್ಲರ ಹತ್ತಿರವೂ ಅದೇ ಬೂದು ಚೀಲ ಇರುತ್ತದೆ, ಆದ್ದರಿಂದ ಅಳಿಸದ ಶಾಯಿಯಲ್ಲಿ ಹೆಸರು, ರೂಮ್ ನಂಬರ್ ಬರೆಯಿರಿ. ಮನೆಗೆ ಹೋಗುವಾಗ ಅದೇ ಚೀಲ ಬಸ್ಸಿನಲ್ಲಿ ಲಗೇಜೂ ಆಗುತ್ತದೆ. ಅಮ್ಮ ಒಗೆದು ಕೊಡುತ್ತಾರೆ ಎಂದು ತುಂಬಿಕೊಂಡು ಹೋಗುವವರನ್ನು ನಾನು ನೋಡಿದ್ದೇನೆ.

ಮಷಿನ್ ಒಳಗೆ ಹಾಕುವ ಜಾಲರಿ ಚೀಲವೂ ಇದೇನಾ?

ಅಲ್ಲ, ಅದು ಬೇರೆ. ಸಣ್ಣ ಬಟ್ಟೆ, ಒಳ ಉಡುಪು, ಸಾಕ್ಸ್, ದಾರದ ಕೆಲಸ ಇರುವ ಬ್ಲೌಸ್ ಇವನ್ನು ಒಳಗೆ ಹಾಕಿ ಜಿಪ್ ಎಳೆದು ಚೀಲ ಸಮೇತ ಒಗೆಯಲು. ಕೊಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಸಾಕ್ಸ್ ಜೋಡಿ ತಪ್ಪುವುದಿಲ್ಲ. ಒಂದು ಇರಲಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೀರು ಒಳಗೆ ಆಡಬೇಕು.

ಚೀಲವನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು?

ಹತ್ತಿಯದನ್ನು ಎರಡು ಮೂರು ವಾರಕ್ಕೆ, ಮಳೆಗಾಲದಲ್ಲಿ ವಾರ ಬಿಟ್ಟು ವಾರ. ಒಳಗೆ ಇದ್ದ ಬಟ್ಟೆಯ ಜೊತೆಗೇ ಮಷಿನ್‌ಗೆ ತಳ್ಳಿಬಿಡಿ, ಬಣ್ಣ ಬಿಡದಿದ್ದರೆ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಕಜ್ಜಿ, ವಾಂತಿಭೇದಿ ಆಗಿದ್ದರೆ ಅವರ ಬಟ್ಟೆಯನ್ನು ಈ ಚೀಲಕ್ಕೇ ಹಾಕಬೇಡಿ, ಬೇರೆ ಇಟ್ಟು ಬಿಸಿನೀರಿನಲ್ಲಿ ಒಗೆಯಿರಿ. ಆಕ್ಸ್‌ಫರ್ಡ್, ನಾನ್‌ವೋವನ್ ಆದರೆ ಒಳಹೊರಗೆ ತಿರುಗಿಸಿ ಸೋಪು ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ. ಹತ್ತಿ, ಬಿದಿರಿಗೆ ಮಾತ್ರ ಬಿಸಿಲು.

ಮನೆಯಲ್ಲಿ ಚಿಕ್ಕ ಮಗು, ಬೆಕ್ಕು ಇದೆ. ಏನಾದರೂ ಜಾಗ್ರತೆ?

ಲಾಡಿ ಉದ್ದ ಜೋತಾಡಬಾರದು, ಮಗುವಿನ ಕುತ್ತಿಗೆಗೆ ಅಪಾಯ. ಗಂಟು ಹಾಕಿ ಮೇಲಕ್ಕೆ ಸಿಕ್ಕಿಸಿ. ಬೆಕ್ಕಿಗೆ ತುಂಬಿದ ಚೀಲಕ್ಕಿಂತ ಮೆತ್ತಗಿನ ಹಾಸಿಗೆ ಇಲ್ಲ. ಮಷಿನ್‌ಗೆ ಸುರಿಯುವ ಮೊದಲು ಕೈ ಹಾಕಿ ನೋಡಿ. ಹಾಗೆಯೇ ಜೇಬೂ ನೋಡಿ, ಮೆಟ್ರೋ ಕಾರ್ಡ್, ಟಿಶ್ಯೂ, ಹುರಿಗಡಲೆ ಏನು ಬೇಕಾದರೂ ಇರಬಹುದು.

ಹಳೆ ಚೀಲ ಏನು ಮಾಡಲಿ?

ಹತ್ತಿಯದಾದರೆ ನೆಲ ಒರೆಸುವ ಬಟ್ಟೆ. ಸೆಣಬಿನದನ್ನು ಕತ್ತರಿಸಿ ಟೆರೇಸಿನ ಕುಂಡಗಳ ಮಣ್ಣಿನ ಮೇಲೆ ಹಾಸಿ, ತೇವ ಉಳಿಯುತ್ತದೆ, ಕರಗಿಯೂ ಹೋಗುತ್ತದೆ. ನಾನ್‌ವೋವನ್ ಒಣ ಕಸಕ್ಕೆ, ಪುಡಿಯಾಗುವ ಮೊದಲೇ. ಅಂಚಿನ ತಂತಿ ಎಳೆದು ತೆಗೆದು ಗುಜರಿಗೆ ಹಾಕಿ. ಆ ಬಣ್ಣ ಬಿಟ್ಟ ಕಲಂಕಾರಿ ಚೀಲ ಮಾತ್ರ ನಮ್ಮಲ್ಲಿ ಇನ್ನೂ ಇದೆ. ಅದರಲ್ಲಿ ಈಗ ಈರುಳ್ಳಿ ಇಡುತ್ತೇವೆ.